ಮೌಸಿನ ಡಾಂಗಲ್‌ನಿಂದ ಶುರು ಮಾಡಿದೆ

ವೈರ್‌ಲೆಸ್ ಮೌಸ್‌ನಿಂದ ಯಾರಿಗೆ ಏನು ಸಿಗುತ್ತೆ, ಅಲ್ವಾ? ನನ್ನ ಕಂಪ್ಯೂಟರ್ ಭದ್ರ ಮಾಡುವಾಗ ನಾನು ಮೊದಲು ನೋಡಿದ್ದು ಅದನ್ನೇ. 2016ರಲ್ಲಿ ಬ್ಯಾಸ್ಟಿಲ್ ಎಂಬ ಭದ್ರತಾ ಸಂಸ್ಥೆಯವರು ಮೌಸ್‌ಜ್ಯಾಕ್ ಎಂಬ ದೋಷವನ್ನು ಬಯಲು ಮಾಡಿದ್ದರು. ಹಲವು ಕಂಪನಿಗಳ ಮೌಸ್‌ಗಳು ಡಾಂಗಲ್‌ಗೆ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್) ಕಳಿಸುವ ಸಿಗ್ನಲ್‌ಗೆ ಎನ್‌ಕ್ರಿಪ್ಷನ್ನೇ, ಅಂದರೆ ಗುಪ್ತ ಸಂಕೇತದ ರಕ್ಷಣೆಯೇ, ಇರಲಿಲ್ಲ. ಅದೇ ದಾರಿಯಲ್ಲಿ ಕೀಬೋರ್ಡಿನ ಸಿಗ್ನಲ್ ಬಂದರೂ ಡಾಂಗಲ್ ಒಪ್ಪಿಕೊಳ್ಳುತ್ತಿತ್ತು. ಅಂದರೆ ಸುಮಾರು 100 ಮೀಟರ್ ದೂರದಲ್ಲಿ ಕೂತವರು ನಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದಿತ್ತು.

ನನ್ನದು ಲಿನಕ್ಸ್. ಲಾಜಿಟೆಕ್ ಡಾಂಗಲ್‌ಗೆ ಹೊಸ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಸಿಕ್ಕಿತು, ಹಾಕಿದೆ. ಹೆಸರಿಲ್ಲದ ಅಗ್ಗದ ಕೀಬೋರ್ಡ್ ಒಂದಿತ್ತು. ಇಂಥ ಕೆಲವು ಡಾಂಗಲ್‌ಗಳ ಚಿಪ್‌ಗೆ ಫ್ಯಾಕ್ಟರಿಯಲ್ಲಿ ಒಂದೇ ಸಲ ಬರೆಯಲು ಸಾಧ್ಯ, ಆಮೇಲೆ ರಿಪೇರಿ ಇಲ್ಲ. ಅದನ್ನು ಎತ್ತಿಟ್ಟು ವೈರ್ ಇರುವ ಕೀಬೋರ್ಡ್ ತಂದೆ. ಪಾಸ್‌ವರ್ಡ್, ಬ್ಯಾಂಕಿನ ವಿವರ ಎಲ್ಲ ಹಾದುಹೋಗುವುದು ಕೀಬೋರ್ಡಿನಿಂದಲೇ. ಅಲ್ಲಿ ಉಳಿತಾಯ ನೋಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬ್ಲೂಟೂತ್‌ಗೆ ಜಾಸ್ತಿ ಹೊತ್ತು ಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಮಾರ್ಕ್ ನ್ಯೂಲಿನ್ ಎಂಬ ಸಂಶೋಧಕರು ಇನ್ನೊಂದು ದೋಷವನ್ನು ಬಹಿರಂಗ ಮಾಡಿದರು. ನಾವು ಒಪ್ಪಿಗೆ ಕೊಡದಿದ್ದರೂ ನಕಲಿ ಕೀಬೋರ್ಡ್ ಒಂದು ಬ್ಲೂಟೂತ್‌ನಲ್ಲಿ ಜೋಡಣೆಯಾಗಿ ಟೈಪ್ ಮಾಡಬಹುದಿತ್ತು. ಅಪ್‌ಡೇಟ್ ಹಾಕಿದ ಮೇಲೆ ಬ್ಲೂಟೂತಿನ 'ಇನ್‌ಪುಟ್ ಡಾಟ್ ಕಾನ್ಫ್' ಎಂಬ ಸೆಟ್ಟಿಂಗ್ ಫೈಲನ್ನು ತೆರೆದು ನೋಡಿದೆ. 'ಕ್ಲಾಸಿಕ್ ಬಾಂಡೆಡ್ ಓನ್ಲಿ' ಅನ್ನುವ ಸಾಲಿಗೆ 'ಟ್ರೂ' ಎಂದು ಬರೆದು, ಬ್ಲೂಟೂತ್ ಸೇವೆಯನ್ನು ಮತ್ತೆ ಶುರು ಮಾಡಿದೆ. ಸರಿಯಾಗಿ ಪೇರ್ ಆದ (ಜೋಡಿಯಾದ) ಸಾಧನಕ್ಕೆ ಮಾತ್ರ ಈಗ ಒಳಗೆ ಪ್ರವೇಶ.

ಬ್ಲೂಟೂತಿನಲ್ಲಿ ಪೇರ್ ಆದ ಸಾಧನಗಳ ಪಟ್ಟಿಯಲ್ಲಿ ಕೈಬಿಟ್ಟ ಹಳೇ ಫೋನು, ಯಾರದೋ ಸ್ಪೀಕರ್ ಎಲ್ಲ ಉಳಿದಿದ್ದವು. ಎಲ್ಲವನ್ನೂ ಅಳಿಸಿದೆ. ಕಂಪ್ಯೂಟರ್ ಬೇರೆಯವರಿಗೆ ಕಾಣಿಸದಂತೆ ಮಾಡಿದೆ. ಬ್ಲೂಟೂತ್ ಕೀಬೋರ್ಡ್ ಪೇರ್ ಮಾಡುವಾಗ ಪರದೆಯ ಮೇಲೆ ಆರು ಅಂಕೆ ಬರುತ್ತದೆ. ಅದನ್ನು ಆ ಕೀಬೋರ್ಡಿನಲ್ಲೇ ಒತ್ತಿ ಎಂಟರ್ ಕೊಡಬೇಕು. ಅಂಕೆ ಕೇಳದೇ ಸೇರಿಕೊಳ್ಳುವ ಕೀಬೋರ್ಡನ್ನು ನಾನು ಇಟ್ಟುಕೊಳ್ಳುವುದಿಲ್ಲ. ಹೆಡ್‌ಫೋನ್‌ಗೆ ಅಂಕೆ ಒತ್ತುವ ಜಾಗವೇ ಇಲ್ಲ. ಅದಕ್ಕೇ ಅದನ್ನು ಪೇರ್ ಮಾಡುವುದು ಮನೆಯಲ್ಲಿ ಮಾತ್ರ, ಕೆಫೆಯಲ್ಲೋ ರೈಲಿನಲ್ಲೋ ಅಲ್ಲ.

ಒಂದು ಅನಾನುಕೂಲ ಇದೆ. ಫೈಲಿನ ಆ ಸಾಲು ಬದಲಿಸಿದ ಮೇಲೆ ಪ್ಲೇಸ್ಟೇಷನ್ 3ರ ಹಳೇ ಕಂಟ್ರೋಲರ್ ವೈರ್ ಇಲ್ಲದೆ ಸೇರುವುದಿಲ್ಲ. ತಂಗಿಯ ಮಗ ಆಟ ಆಡಲು ಬಂದಾಗ ಯುಎಸ್‌ಬಿ ಕೇಬಲ್ ಕೊಡುತ್ತೇನೆ, ಆ ಸಾಲನ್ನು ಮಾತ್ರ ಮುಟ್ಟುವುದಿಲ್ಲ.