ಐಪಿಎಗೆ ನಾನು ಅಂಕ ಕೊಡುವ ರೀತಿ

ಬೆಂಗಳೂರಿನ ಟ್ಯಾಪ್‌ರೂಮ್‌ಗಳಲ್ಲಿ ಐಪಿಎ, ಅಂದರೆ ಹಾಪ್ಸ್ ಹೂವಿನ ಕಹಿ, ಘಮ ಜೋರಾಗಿರುವ ಇಂಡಿಯಾ ಪೇಲ್ ಏಲ್ ಬಿಯರ್, ಕೇಳಿದರೆ ಒಂದು ಮಾತು ಬಂದೇ ಬರುತ್ತದೆ: "ಸರ್, ಅದು ಕಹಿ ಜಾಸ್ತಿ, ಪರವಾಗಿಲ್ವಾ?" ಕಹಿ ಇರಲೇಬೇಕು. ಆದರೆ ನಾನು ನೋಡುವುದು ಕಹಿ ಎಷ್ಟಿದೆ ಅಂತಲ್ಲ, ನುಂಗಿದ ಮೇಲೆ ಅದು ಹೇಗೆ ಹೋಗುತ್ತದೆ ಅಂತ. ಒಳ್ಳೆಯದರಲ್ಲಿ ಕಹಿ ಚುರುಕಾಗಿ ಎದ್ದು, ಸ್ವಲ್ಪ ಹೊತ್ತು ನಿಂತು, ಇನ್ನೊಂದು ಗುಟುಕು ಬೇಕು ಅನ್ನಿಸಿ ಹೋಗುತ್ತದೆ. ಇಲ್ಲದಿದ್ದರೆ ಒಗರಾಗಿ ಗಂಟಲಲ್ಲೇ ಕೂರುತ್ತದೆ.

ನಾನು ಇಂದಿರಾನಗರದ ಕಡೆ ಹೋಗುವುದು ಸಂಜೆ ಗದ್ದಲ ಶುರುವಾಗುವ ಮೊದಲು. ಪಬ್‌ನಲ್ಲಿ ಕೂತ ಕೂಡಲೇ ಚಿಲ್ಲಿ ಚಿಕನ್ ಹೇಳುವ ಅಭ್ಯಾಸ ನಮ್ಮೆಲ್ಲರದು. ರುಚಿ ನೋಡುವ ದಿನ ಅದು ಬೇಡ. ಖಾರ ಬಿದ್ದ ನಾಲಿಗೆಗೆ ಕಹಿಯಾಗಲಿ ಆಲ್ಕೋಹಾಲಾಗಲಿ ಇದ್ದ ಹಾಗೆ ಗೊತ್ತಾಗುವುದಿಲ್ಲ. ಸಪ್ಪೆ ಬ್ರೆಡ್ ಮತ್ತು ನೀರು ಸಾಕು. ಕೆಗ್ (ಬಿಯರ್ ಪೀಪಾಯಿ) ಯಾವಾಗ ತುಂಬಿದ್ದು ಅಂತ ಕೇಳುತ್ತೇನೆ. ಹಾಪ್ಸ್ ಘಮ ಬೇಗ ಆರಿಹೋಗುತ್ತದೆ, ಹಳೆಯ ಐಪಿಎಗೆ ಅಂಕ ಕೊಟ್ಟರೆ ಅದನ್ನು ಮಾಡಿದ ಬ್ರೂವರ್‌ಗೆ ಅನ್ಯಾಯ.

ಯಾವ ಬಗೆಯ ಐಪಿಎ ಅಂತಲೂ ತಿಳಿದಿರಬೇಕು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಬ್ರೂವರಿಯ ಹಾಡ್ಜ್‌ಸನ್ ಹಡಗಿನಲ್ಲಿ ಇಂಡಿಯಾಗೆ ಪೇಲ್ ಏಲ್ ಕಳಿಸುತ್ತಿದ್ದ. ಆಮೇಲೆ ಬರ್ಟನ್ ಊರಿನವರು ಆ ವ್ಯಾಪಾರ ಹಿಡಿದರು. ಅದು ಇಂಗ್ಲಿಷ್ ಬಗೆ. ಇಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಅಮೆರಿಕನ್ ಬಗೆ, ಕ್ಯಾಸ್ಕೇಡ್, ಸಿಟ್ರಾ, ಮೊಸಾಯಿಕ್ ಹಾಪ್ಸ್ ಹಾಕಿದ್ದು. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿ ಪ್ರಕಾರ ಅದರ ಆಲ್ಕೋಹಾಲ್ 5.5ರಿಂದ 7.5 ಶೇಕಡಾ, ಕಹಿ 40ರಿಂದ 70 ಐಬಿಯು (ಕಹಿ ಅಳೆಯುವ ಮಾನ). ನ್ಯೂ ಇಂಗ್ಲೆಂಡ್ ಬಗೆಯಾದರೆ ಮಸುಕಾಗಿರುವುದೇ ಸರಿ, ಅದಕ್ಕೆ ಅಂಕ ಕಳೆಯಬಾರದು.

ಅಂಕಕ್ಕೆ ಬಿಜೆಸಿಪಿ ಪಟ್ಟಿಯನ್ನೇ ಇಟ್ಟುಕೊಂಡಿದ್ದೇನೆ. ಒಟ್ಟು 50. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ದಪ್ಪವೋ ತೆಳುವೋ ಅನ್ನಿಸುವ ಮೈಗೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಮೂರೇ ಅಂಕ ಅನ್ನುವುದು ನನಗೆ ತುಂಬ ಇಷ್ಟ. ಫೋಟೋಗೆ ಚೆನ್ನಾಗಿ ಬರುವ ಬಿಯರ್ ಅಷ್ಟಕ್ಕೇ ಗೆಲ್ಲುವುದಿಲ್ಲ.

ಗ್ಲಾಸ್ ಬಂದ ತಕ್ಷಣ ಕುಡಿಯುವುದಿಲ್ಲ, ಮೂಸುತ್ತೇನೆ. ಬೋರ್ಡಿನಲ್ಲಿ ಏನು ಬರೆದಿದ್ದಾರೆ ಅಂತ ಓದುವ ಮೊದಲೇ ಮೂಗಿಗೆ ಸಿಕ್ಕಿದ್ದನ್ನು ಬರೆಯುತ್ತೇನೆ. ದೇವನಹಳ್ಳಿ ಚಕ್ಕೋತದ ಸಿಪ್ಪೆ ಸುಲಿದಾಗ ಬರುವ ವಾಸನೆ ಗೊತ್ತಿದ್ದರೆ ಅಮೆರಿಕನ್ ಹಾಪ್ಸ್ ಅರ್ಧ ಗೊತ್ತಾದಂತೆ. ಜೊತೆಗೆ ಮಾವು, ಸೀಬೆ, ಪೈನ್ ಮರದ ಅಂಟು ಸಿಗಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ಸೇರಿ ಹಳಸಿದೆ ಅಂತ ಅರ್ಥ.

ಆಮೇಲೆ ಕಾಯಬೇಕು. ತಣ್ಣಗಿದ್ದಾಗ ಬಿಯರ್ ತನ್ನ ದೋಷವನ್ನೆಲ್ಲ ಮುಚ್ಚಿಟ್ಟುಕೊಳ್ಳುತ್ತದೆ. ಒಂದು ಕಡೆ ಕೊಟ್ಟ ಐಪಿಎ ಮೊದಲ ಗುಟುಕಿಗೆ ಬಲು ಸೊಗಸಾಗಿತ್ತು, ಚಕ್ಕೋತ, ಮಾವು ಎಲ್ಲ ಇತ್ತು. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತೆ. ಸ್ವಲ್ಪ ಬೆಚ್ಚಗಾಗುತ್ತಿದ್ದಂತೆ ಸಿನಿಮಾ ಟಾಕೀಸಿನ ಪಾಪ್‌ಕಾರ್ನ್ ಬೆಣ್ಣೆ ವಾಸನೆ ಎದ್ದಿತು, ನಾಲಿಗೆ ಮೇಲೆ ಜಾರು ಜಾರು.

"ಚೆನ್ನಾಗೇ ಇದೆ ಅಲ್ವಾ ಮಗಾ?" ಅಂದ ಗೆಳೆಯ.

ಬಾಯಿಗೆ ಹಿತವೇ, ಆದರೆ ಐಪಿಎಯಲ್ಲಿ ಅದು ದೋಷ. ಡಯಾಸಿಟೈಲ್ ಅನ್ನುತ್ತಾರೆ. ಹುದುಗು ಮುಗಿಯುವ ಹೊತ್ತಿಗೆ ಘಮಕ್ಕೆಂದು ಹಾಪ್ಸ್ ಸುರಿಯುತ್ತಾರಲ್ಲ, ಆ ಹಾಪ್ಸ್‌ನಲ್ಲೇ ಕಿಣ್ವಗಳಿವೆ. ಅವು ಉಳಿದ ಪಿಷ್ಟದ ತುಂಡುಗಳನ್ನು ಸಕ್ಕರೆ ಮಾಡುತ್ತವೆ, ಯೀಸ್ಟ್ ಮತ್ತೆ ಕೆಲಸಕ್ಕೆ ಇಳಿಯುತ್ತದೆ, ಡಯಾಸಿಟೈಲ್ ಹುಟ್ಟುತ್ತದೆ. ಇನ್ನಷ್ಟು ಸಮಯ ಕೊಟ್ಟರೆ ಅದೇ ಯೀಸ್ಟ್ ಅದನ್ನು ತಿಂದು ಮುಗಿಸುತ್ತದೆ. ಅವಸರ ಮಾಡಿ ತಣ್ಣಗೆ ಮಾಡಿದರೆ ಹಾಗೇ ಉಳಿಯುತ್ತದೆ. ಘಮಕ್ಕೆ 12ರಲ್ಲಿ 6 ಕೊಟ್ಟೆ, ಕಾರಣವನ್ನೂ ಪಕ್ಕದಲ್ಲಿ ಬರೆದೆ. ಕಾರಣ ಬರೆಯದ ಅಂಕ ಬ್ರೂವರ್‌ಗೆ ಯಾವ ಉಪಯೋಗಕ್ಕೂ ಬಾರದು.

ಎರಡು ಐಪಿಎ ಹತ್ತಿರ ಹತ್ತಿರ ಇದ್ದಾಗ ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡುತ್ತೇವೆ. ನಾನು ಬೇರೆ ಕೋಣೆಯಲ್ಲಿ ಇರುವಾಗ ಗೆಳೆಯ ಮೂರು ಗ್ಲಾಸಿಗೆ ಸುರಿಯುತ್ತಾನೆ, ಎರಡರಲ್ಲಿ ಒಂದೇ ಬಿಯರ್, ಮೂರನೆಯದು ಬೇರೆ. ಆ ಬೇರೆಯದು ಯಾವುದು ಅಂತ ನಾನು ಹೇಳಬೇಕು. ಹೇಳಲಾಗದಿದ್ದರೆ ಎರಡಕ್ಕೂ ಒಂದೇ ಅಂಕ.