ನೆದರ್ಲೆಂಡ್ಸ್‌ಗೆ ಹೊರಟ ಕರಾವಳಿಯವರಿಗೆ: ಅಲ್ಲಿ ಯಾವ ನೀರು ಯಾರದ್ದು?

ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಓದು ಮುಗಿಸಿ ಡೆಲ್ಫ್ಟ್, ಐಂಡ್‌ಹೋವನ್ ಕಡೆ ಹೊರಟ ಮಕ್ಕಳು, ನಾನು ರಜೆಗೆ ಮಂಗಳೂರಿಗೆ ಬಂದಾಗ ಮನೆಗೆ ಬರುತ್ತಾರೆ. ಬಾಡಿಗೆ, ಸೈಕಲ್, ಚಳಿ ಎಲ್ಲ ವಿಚಾರಿಸಿ ಆದ ಮೇಲೆ ಜೊತೆಗೆ ಬಂದ ಅಮ್ಮಂದಿರದ್ದು ಒಂದು ಪ್ರಶ್ನೆ ಇದ್ದೇ ಇರುತ್ತದೆ: "ಆ ದೇಶ ಸಮುದ್ರಕ್ಕಿಂತ ತಗ್ಗಲ್ಲಿ ಉಂಟಂತಲ್ಲ, ನೀರು ಒಳಗೆ ಬರುದಿಲ್ವಾ?"

ಕೇಳುವುದು ಸರಿಯೇ. ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1953ರಲ್ಲಿ ಒಂದು ರಾತ್ರಿ ಕಡಲು ನುಗ್ಗಿ 1,836 ಜನ ಸತ್ತರು. ಡೆಲ್ಟಾ ವರ್ಕ್ಸ್ ಎನ್ನುವ ದೊಡ್ಡ ತಡೆಗೋಡೆಗಳು ಎದ್ದದ್ದು ಆ ಮೇಲೆಯೇ. ಆದರೆ ದಿನನಿತ್ಯ ನಿಮಗೆ ಬೇಕಾಗುವುದು ಕಡಲಿನ ವಿಷಯ ಅಲ್ಲ, ಮಳೆನೀರಿನದ್ದು.

ಅಲ್ಲಿ ವರ್ಷಕ್ಕೆ ಬೀಳುವ ಮಳೆ 850 ಮಿ.ಮೀ. ಆಸುಪಾಸು. ನಮ್ಮಲ್ಲಿ ಜುಲೈ ಒಂದರಲ್ಲೇ ಅದಕ್ಕಿಂತ ಜಾಸ್ತಿ. ಆದರೆ ಮಂಗಳೂರು ಗುಡ್ಡ-ತಗ್ಗಿನ ಊರು. ದಾರಿ ಬಿಟ್ಟರೆ ನೀರು ತಾನೇ ಇಳಿದು ಹೊಳೆ ಸೇರುತ್ತದೆ. ನಾವು ಗದ್ದೆಗೆ ಮಣ್ಣು ತುಂಬಿಸಿ, ತೋಡನ್ನು ಚರಂಡಿಯಷ್ಟು ಮಾಡಿ, ಆಮೇಲೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿತು ಅಂತ ಬೈಯುತ್ತೇವೆ. ಅಲ್ಲಿನ ತಗ್ಗು ಪ್ರದೇಶದಲ್ಲಿ ನೀರು ತಾನಾಗಿ ಹೋಗುವುದೇ ಇಲ್ಲ. ಪಂಪ್ ಹಾಕಿ ಎತ್ತಿ ಹೊರಗೆ ಬಿಡಬೇಕು. ಹಾಗಾಗಿ ಯಾವ ನೀರಿಗೆ ಯಾರು ಜವಾಬ್ದಾರಿ ಅನ್ನುವುದನ್ನು ಅವರು ಮೊದಲೇ ಹಂಚಿಕೊಂಡುಬಿಟ್ಟಿದ್ದಾರೆ.

ನಿಮ್ಮ ಜಾಗದೊಳಗೆ ಬಿದ್ದ ಮಳೆ ಮೊದಲು ಮನೆ ಮಾಲೀಕರದ್ದು. ರಸ್ತೆ ಮೇಲಿನ ನೀರು, ರಸ್ತೆ ಕೆಳಗಿನ ಪೈಪು ಖೆಮೇಂಟೆಯದ್ದು, ಅಂದರೆ ನಗರಸಭೆಯದ್ದು. ಕಾಲುವೆ, ಸಣ್ಣ ನದಿ, ಒಡ್ಡು, ಪಂಪ್‌ಹೌಸು, ಕೊಳಚೆ ನೀರಿನ ಶುದ್ಧೀಕರಣ ವಾಟರ್‌ಸ್ಖಾಪ್‌ದು, ಅಂದರೆ ನೀರಿಗಾಗಿಯೇ ಇರುವ ಸ್ಥಳೀಯ ಮಂಡಳಿಯದ್ದು. ದೊಡ್ಡ ನದಿಗಳು ಮತ್ತು ಕಡಲು ಕೇಂದ್ರದ ರೈಕ್ಸ್‌ವಾಟರ್‌ಸ್ಟಾಟ್ ಇಲಾಖೆಗೆ. ಮನೆ ಮುಂದಿನ ರಸ್ತೆ ಬದಿಯ ಜಾಲರಿಯಲ್ಲಿ ಎಲೆ ಕಟ್ಟಿಕೊಂಡಿತೋ, ಖೆಮೇಂಟೆಯ ವೆಬ್‌ಸೈಟಿನಲ್ಲಿ ದೂರು ಹಾಕಿ. ಒಂದು ಮಾತು: ಹೊಸ ಬಡಾವಣೆಗಳಲ್ಲಿ ಆ ಜಾಲರಿಯ ನೀರು ಹೆಚ್ಚಾಗಿ ನೇರ ಕಾಲುವೆಗೆ ಹೋಗುತ್ತದೆ. ಪೈಂಟ್ ಬ್ರಷ್ ತೊಳೆದ ನೀರು, ಒಗ್ಗರಣೆ ಎಣ್ಣೆ ಅಲ್ಲಿಗೆ ಸುರಿಯಬೇಡಿ. ಹಾಗಂತ ಸಿಂಕಿಗೂ ಅಲ್ಲ.

ಇದರಲ್ಲಿ ನಮಗೆ ಹೊಸತು ವಾಟರ್‌ಸ್ಖಾಪ್. ದೇಶದಲ್ಲಿ 21 ಇವೆ. ಇವುಗಳ ಬೇರು 13ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಹಾಕಲು ನಮ್ಮ ಹಳ್ಳಿಗಳಲ್ಲಿ ಎಲ್ಲ ಗದ್ದೆಯವರೂ ಸೇರುತ್ತಿದ್ದರಲ್ವಾ? ಅದಕ್ಕೇ ಚುನಾವಣೆ, ತೆರಿಗೆ, ಆಫೀಸು ಎಲ್ಲ ಕೊಟ್ಟ ಹಾಗೆ.

ತೆರಿಗೆ ಅಂದೆ. ಬಾಡಿಗೆ ಮನೆಯಲ್ಲಿದ್ದರೂ ಬರುತ್ತದೆ. ಡಚ್ ಭಾಷೆಯ ಕಾಗದ ನೋಡಿ ಸುಮಾರು ಜನ ಮೋಸದ ಪತ್ರ ಅಂತ ಮೂಲೆಗೆ ಹಾಕುತ್ತಾರೆ, ಆಮೇಲೆ ದಂಡ ಸೇರಿಸಿ ಕಟ್ಟುತ್ತಾರೆ. ಸಂಶಯ ಬಂದರೆ ಡಿಜಿಡಿ, ಅಂದರೆ ಅಲ್ಲಿನ ಸರ್ಕಾರಿ ಆನ್‌ಲೈನ್ ಗುರುತು, ಹಾಕಿ ಲಾಗಿನ್ ಆಗಿ ನೋಡಿ. ಕೊಳಚೆ ಶುದ್ಧೀಕರಣದ ಲೆಕ್ಕ ತಮಾಷೆಯದ್ದು: ಒಬ್ಬರೇ ಇದ್ದರೆ ಒಂದು ಯೂನಿಟ್, ಇಬ್ಬರಾದರೆ ನೇರ ಮೂರು. ಐವರಿದ್ದರೂ ಮೂರೇ. ಮದುವೆಯಾಗಿ ಹೊಸದಾಗಿ ಹೋದವರಿಗೆ ಇದು ನಷ್ಟ, ಅಪ್ಪ-ಅಮ್ಮ, ಮಕ್ಕಳು ಎಲ್ಲ ಇರುವವರಿಗೆ ಲಾಭ.

ದುಡ್ಡು ಕೊಟ್ಟಿದ್ದಕ್ಕೆ ಮತವೂ ಉಂಟು. 18 ತುಂಬಿ, ಕಾನೂನುಬದ್ಧವಾಗಿ ಅಲ್ಲಿ ವಾಸವಿದ್ದರೆ ಭಾರತದ ಪಾಸ್‌ಪೋರ್ಟ್ ಇರುವವರೂ ವಾಟರ್‌ಸ್ಖಾಪ್‌ಗೆ ಮತ ಹಾಕಬಹುದು. ನಗರಸಭೆಗಾದರೆ ನಮ್ಮಂಥವರು ಐದು ವರ್ಷ ಕಾಯಬೇಕು. ಕಳೆದ ಚುನಾವಣೆ 2023ರ ಮಾರ್ಚ್‌ನಲ್ಲಿತ್ತು, ಮುಂದಿನದು 2027ಕ್ಕೆ. ಅದೇ ದಿನ ಪ್ರಾಂತ್ಯದ ಚುನಾವಣೆಯೂ ಇರುತ್ತದೆ. ಅಕ್ಕಪಕ್ಕದವರ ಕೈಯಲ್ಲಿ ಎರಡು ಮತಪತ್ರ, ನಮಗೆ ಒಂದೇ. ಬೇಸರ ಮಾಡಬೇಡಿ, ಹೋಗಿ ಹಾಕಿ. ನಿಮ್ಮ ಬೀದಿ ಒಣಗಿರಬೇಕೋ ಬೇಡವೋ ಅನ್ನುವುದಕ್ಕೆ ಇದೇ ಹೆಚ್ಚು ಹತ್ತಿರ.

ಎಲ್ಲವೂ ಸರಿ ಇದೆ ಅಂತಲ್ಲ. 2021ರ ಜುಲೈಯಲ್ಲಿ ಲಿಂಬರ್ಗ್‌ನ ವಾಲ್ಕೆನ್‌ಬರ್ಗ್ ಮುಳುಗಿತು. ಅದು ಸಮುದ್ರಮಟ್ಟಕ್ಕಿಂತ ಕೆಳಗಿನ ಊರಲ್ಲ, ಗುಡ್ಡದ ಕಡೆಯದ್ದು. ಗೂಲ್ ಅನ್ನುವ ಸಣ್ಣ ಹೊಳೆ ಉಕ್ಕಿದ್ದು. ಉಡುಪಿಯಲ್ಲಿ 2020ರ ಸೆಪ್ಟೆಂಬರ್ ನೋಡಿದವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಮನೆ ನೋಡುವಾಗ ಪಕ್ಕದಲ್ಲಿ ಹೊಳೆ ಇದ್ದರೆ ವಿಚಾರಿಸಿ.

ವಿಮೆಯ ಕಾಗದವನ್ನೂ ಓದಿ. ಬಾಡಿಗೆಯವರಿಗೆ ಬೇಕಾದದ್ದು ಇನ್‌ಬೂಡೆಲ್, ಅಂದರೆ ಮನೆ ಸಾಮಾನಿನ ವಿಮೆ. ಜೋರು ಮಳೆಯ ನೀರು ಒಳಗೆ ಬಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಕಡಲಿನ ಅಥವಾ ದೊಡ್ಡ ನದಿಯ ಮುಖ್ಯ ಒಡ್ಡು ಒಡೆದು ಬಂದ ನೀರಿಗೆ ಸಾಮಾನ್ಯವಾಗಿ ಇಲ್ಲ.

ಕೊನೆಗೆ, ಅಂಗಳ. ನಮ್ಮೂರಿನಲ್ಲಿ ಮನೆ ಕಟ್ಟಿದ ಕೂಡಲೇ ಗೇಟಿನಿಂದ ಬಾವಿಕಟ್ಟೆವರೆಗೆ ಇಂಟರ್‌ಲಾಕ್ ಹಾಕಿಸುತ್ತೇವೆ, ಕೆಸರಾಗಬಾರದು ನೋಡಿ. ಅಲ್ಲಿಯವರೂ ಹಾಗೇ ಹಾಕಿಸಿದವರು. ಈಗ ಅದನ್ನು ಎಬ್ಬಿಸುವುದಕ್ಕೆ ಊರು ಊರುಗಳ ನಡುವೆ ಸ್ಪರ್ಧೆ ನಡೆಯುತ್ತದೆ, ಹೆಸರು ಟೆಗೆಲ್‌ವಿಪ್ಪೆನ್. ಎಬ್ಬಿಸಿದ ಜಾಗದಲ್ಲಿ ಗಿಡ ನೆಟ್ಟರೆ ನೀರು ಮಣ್ಣಿಗೆ ಇಳಿಯುತ್ತದೆ, ಪೈಪಿನ ಮೇಲೆ ಹೊರೆ ಕಡಿಮೆ. ಕೆಲವು ಖೆಮೇಂಟೆಗಳು ಕಲ್ಲನ್ನು ಮನೆ ಬಾಗಿಲಿಗೆ ಬಂದು ಒಯ್ಯುತ್ತವೆ, ಮಳೆನೀರಿನ ಡ್ರಮ್ಮಿಗೆ ಸಹಾಯಧನವನ್ನೂ ಕೊಡುತ್ತವೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಕಲ್ಲಿಗೆ ಕೈ ಹಾಕಿ ಮಾರಾಯ್ರೆ, ನಿಮ್ಮ ಡೆಪಾಸಿಟ್ ಅವರ ಹತ್ತಿರ ಇರುತ್ತದೆ.