ಚೈನ್‌ಪ್ಲೇಟ್‌ಗೆ ಗ್ರೇಡ್ 2 ಟೈಟೇನಿಯಂ: ಬೇಡ ಅಂದೋರಿಗೆಲ್ಲ ನನ್ನ ಲೆಕ್ಕ

ಚೈನ್‌ಪ್ಲೇಟ್ ಅಂದ್ರೆ ಹಾಯಿದೋಣಿಯ ಮಾಸ್ಟ್ (ಹಾಯಿಕಂಬ) ಹಿಡಿದಿಡೋ ವೈರುಗಳನ್ನ ಬೋಟಿಗೆ ಕಚ್ಚಿಸೋ ಲೋಹದ ಪಟ್ಟಿ. ನಮ್ ಬೋಟಿಗೆ ಅದನ್ನ ಗ್ರೇಡ್ 2, ಅಂದ್ರೆ ಬೆರಕೆ ಇಲ್ಲದ ಟೈಟೇನಿಯಂನಲ್ಲಿ ಮಾಡಿದೆ; ಗ್ರೇಡ್ 5 ಅಂದ್ರೆ ಬೇರೆ ಲೋಹ ಬೆರೆಸಿದ ಗಟ್ಟಿ ಜಾತಿ. "ಟೈಟೇನಿಯಂ ಹಾಕೋದಾದ್ರೆ ಗ್ರೇಡ್ 5 ಹಾಕು ಮಾರಾಯ, ಗ್ರೇಡ್ 2 ಮೆತ್ತಗೆ, ಅದೆಲ್ಲ ಕೆಮಿಕಲ್ ಫ್ಯಾಕ್ಟರಿ ಪೈಪಿಗೆ" ಅಂತ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲಮೀಡದ ಡಾಕ್‌ನಲ್ಲಿ ನಂಗೆ ಹೇಳದೇ ಇರೋರೇ ಇಲ್ಲ. ಮಾಸ್ಟ್, ವೈರ್ ಕೆಲ್ಸ ಮಾಡೋ ರಿಗ್ಗರ್ ಅಂತೂ ನಕ್ಕುಬಿಟ್ಟ. ಈಗ ಎರಡ್ಮೂರು ಬೇಸಿಗೆ ಕಳೀತು, ಗೋಲ್ಡನ್ ಗೇಟ್ ಕಡೆಯಿಂದ ಮಧ್ಯಾಹ್ನ ನುಗ್ಗೋ 20-25 ನಾಟ್ ಗಾಳೀಲಿ ವಾಲಿದ ಕಡೆಯ ಅಂಚು (ಲೀ ರೇಲ್) ನೀರಲ್ಲಿ ಮುಳುಗೋ ಥರ ಓಡಿಸಿದೀನಿ, ಮೊನ್ನೆ ಬಿಚ್ಚಿ ಕ್ಯಾಲಿಪರ್ ಇಟ್ರೆ ಪಿನ್ ತೂತು ಕೂದಲೆಳೆಯಷ್ಟೂ ಹಿಗ್ಗಿಲ್ಲ.

ಹಳೇ ಪ್ಲೇಟು 316 ಸ್ಟೇನ್‌ಲೆಸ್ ಸ್ಟೀಲ್. ನಮ್ದು ಎಪ್ಪತ್ತರ ದಶಕದ 32 ಅಡಿ ಬೋಟು, ನಾನು ತಗೊಳೋಕೆ ಮುಂಚೆ ಯಾರೋ ಯಾರ್ಡ್‌ನೋರು ಹೊಸ ಪ್ಲೇಟ್ ಹಾಕಿದ್ರು, ಡೆಕ್ ಮೇಲೆ ನೋಡಿದ್ರೆ ಮದುವೆಮನೆ ಸ್ಟೀಲ್ ಲೋಟದ ಥರ ಫಳಫಳ. ಹೊರಗೆ ತೆಗೆದು ಬಿರುಕು ತೋರಿಸೋ ಬಣ್ಣ (ಡೈ ಪೆನಿಟ್ರಂಟ್) ಹೊಡೆದ್ರೆ, ಡೆಕ್ ದಾಟೋ ಜಾಗದಲ್ಲಿ, ಡೆಕ್ ಪದರಗಳ ನಡುವಿನ ಒದ್ದೆ ತುಂಬಿಕೆಗೆ (ಕೋರ್‌ಗೆ) ಅಂಟ್ಕೊಂಡಿದ್ದ ಆ ಒಂದು ಇಂಚಲ್ಲೇ ಕೆಂಪು ಗೆರೆಗಳು, ಆರರಲ್ಲಿ ನಾಲ್ಕಕ್ಕೋ ಏನೋ. ಗಾಳಿ ಆಡದ ಕಡೆ ಉಪ್ಪುನೀರು ನಿಂತ್ರೆ ಸ್ಟೇನ್‌ಲೆಸ್ ಕಥೆ ಇಷ್ಟೇ, 304 ಬೇಗ ಹೋಗತ್ತೆ, 316 ಸ್ವಲ್ಪ ತಡವಾಗಿ ಹೋಗತ್ತೆ.

ಮತ್ತೆ 316 ಹಾಕಿಸೋಕೆ ಕೇಳಿದ್ ರೇಟು ಸಾವಿರದೆಂಟ್ನೂರು ಡಾಲರ್ ಹತ್ರ. ಗ್ರೇಡ್ 5 ರೆಡಿಮೇಡ್ ನಾಲ್ಕು ಸಾವಿರದ ಮೇಲೆ. ಸಿಲಿಕಾನ್ ಬ್ರಾಂಜ್ ನಂಗೆ ತುಂಬಾ ಇಷ್ಟವಾದ ಲೋಹ, ಆದ್ರೆ ಅದೇ ಬಲ ಬೇಕು ಅಂದ್ರೆ ಪ್ಲೇಟ್ 9-10 ಎಂಎಂ ದಪ್ಪ ಆಗತ್ತೆ, ವೈರ್ ತುದಿಯ ಕೀಲುಕೊಂಡಿ (ಟಾಗಲ್) ಬಾಯಿಗೆ ಹಿಡಿಯಲ್ಲ, ಆಮೇಲೆ ಟಾಗಲ್, ವೈರ್ ಬಿಗಿ ಮಾಡೋ ಟರ್ನ್‌ಬಕಲ್ ಎಲ್ಲ ಬದಲಾಯಿಸ್ತಾ ಕೂತ್ರೆ ಮನೇಲಿ ಬೈಗುಳ.

ಸುಮ್ನೆ ಓದಿ ನಂಬೋದು ಬೇಡ ಅಂತ 304, 316, ಬ್ರಾಂಜ್, ಟೈಟೇನಿಯಂ ಪಟ್ಟಿ ಒಂದೊಂದು ಪ್ಲೈವುಡ್ ತುಂಡಿಗೆ ಬಿಗಿಯಾಗಿ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ಹಗ್ಗದಲ್ಲಿ ಡಾಕ್ ಕೆಳಗೆ ಇಳಿಬಿಟ್ಟೆ, ಇಡೀ ಚಳಿಗಾಲ. ಮೇಲೆ ಅಂಟಿದ ಬಾರ್ನಕಲ್ ಚಿಪ್ಪು ಕೆರೆದು ನೋಡಿದ್ರೆ 304ಕ್ಕೆ ಗುಳಿ ಬಿದ್ದಿತ್ತು, 316ಕ್ಕೆ ಅಂಚಲ್ಲಿ ಕಂದು ಚುಕ್ಕೆ, ಬ್ರಾಂಜ್ ಹಸಿರಾಗಿತ್ತು ಅಷ್ಟೇ. ಟೈಟೇನಿಯಂ ಹೆಂಗಿತ್ತೋ ಹಂಗೇ.

ಈಗ ಗ್ರೇಡ್ 2 ಯಾಕೆ. ನಮ್ ಪ್ಲೇಟ್‌ಗೆ ಶ್ರೌಡ್ (ಮಾಸ್ಟ್ ಪಕ್ಕದ ವೈರ್) ಕೋನಕ್ಕೆ ತಕ್ಕ ಬಾಗು ಬೇಕು, ಗ್ರೇಡ್ 5ನ ತಣ್ಣಗೆ ಬಗ್ಗಿಸೋದು ತಲೆನೋವು, ಬಿರುಕು ಬಿಡೋ ಭಯ, ಕಾಯಿಸಿದ್ರೆ ಮೇಲ್ಮೈ ಆಕ್ಸಿಜನ್ ಕುಡಿದು ಪೆಡಸಾಗತ್ತೆ. ಗ್ರೇಡ್ 2 ಗ್ಯಾರೇಜ್‌ನ 20 ಟನ್ ಪ್ರೆಸ್‌ನಲ್ಲೇ ಬಗ್ಗತ್ತೆ. ಅದರ ಯೀಲ್ಡ್, ಅಂದ್ರೆ ಜಗ್ಗೋಕೆ ಶುರುವಾಗೋ ಒತ್ತಡ, ಕನಿಷ್ಠ 275 ಎಂಪಿಎ (ಮೆಗಾಪ್ಯಾಸ್ಕಲ್), 316ದು 205, ಆದ್ರೆ ತುಂಡಾಗೋ ಬಲದಲ್ಲಿ 316ನೇ ಮುಂದೆ, ಅದು 515, ಗ್ರೇಡ್ 2 ಬರೀ 345, ಅಲ್ಲೇ ಎಲ್ರೂ ಹೆದರೋದು. ನಮ್ 7 ಎಂಎಂ ವೈರ್ ಹರಿಯೋದು ಸುಮಾರು 4 ಟನ್‌ಗೆ. ಹಳೇ 38 ಎಂಎಂ ಅಗಲವನ್ನೇ ಇಟ್ಟಿದ್ರೆ, ಪಿನ್ ತೂತು ಕಳೆದ್ರೆ, ವೈರ್ ಹರಿಯೋ ಹೊತ್ತಿಗೇ ಪ್ಲೇಟೂ ಜಗ್ಗೋಕೆ ಶುರು. 50ಕ್ಕೆ ಅಗಲ ಮಾಡಿದೆ, ದಪ್ಪ ಅದೇ ಕಾಲಿಂಚು: ಜಗ್ಗೋದು ಆರೂವರೆ ಟನ್‌ಗೆ, ತುಂಡಾಗೋದು 8ರ ಮೇಲೆ. ಡೆಕ್ ಸ್ಲಾಟ್ ದೊಡ್ಡದು ಮಾಡ್ಬೇಕಾಯ್ತು, ಕೋರ್ ಹೇಗೂ ಕೊಳೆತಿತ್ತಲ್ಲ, ಕೆರೆದು ಎಪಾಕ್ಸಿ ತುಂಬಿ ಅದೇ ಏಟಿಗೆ ಕೊರೆದೆ.

ಪ್ಲೇಟ್ ತುಂಡು ಐನೂರು, ವಾಟರ್‌ಜೆಟ್ ಮುನ್ನೂರು, ಟೈಟೇನಿಯಂ ಬೋಲ್ಟ್-ನಟ್ ಇನ್ನೂರೈವತ್ತು, ಚಿಲ್ಲರೆ ಸೇರಿ ಸಾವಿರದ ಇನ್ನೂರರ ಆಸುಪಾಸು. ಬೋಲ್ಟ್‌ನಲ್ಲಿ ಜಿಪುಣತನ ಮಾಡಿ 316 ಹಾಕಿದ್ರೆ ಅದೇ ರೋಗ ಬೋಲ್ಟಿಗೆ ಬರತ್ತೆ ಅಷ್ಟೇ. ಆದ್ರೆ ಟೈಟೇನಿಯಂ ನಟ್ ಒಣಗಿದ್ದು ತಿರುಗಿಸಿದ್ರೆ ಥ್ರೆಡ್ ಕಚ್ಕೊಂಡು ಕೂತುಬಿಡತ್ತೆ, ಟೆಫ್‌ಜೆಲ್ ಅನ್ನೋ ಗ್ರೀಸ್ ಥರದ್ದು ಸವರೋದು ಕಡ್ಡಾಯ. ಬಗ್ಗಿಸಿದ್ದು ಒಳ್ಳೇ ಸ್ಪ್ರಿಂಗ್ ಥರ ವಾಪಸ್ ಬರತ್ತೆ, ಎಷ್ಟು ಡಿಗ್ರಿ ಜಾಸ್ತಿ ಒತ್ತಬೇಕು ಅನ್ನೋದೂ, ಪ್ಲೇಟ್ ತುಂಡು ಎಲ್ಲಿ ಸಿಗತ್ತೆ ಅನ್ನೋದೂ ಸದ್ಯಕ್ಕೆ ನನ್ ಹತ್ರನೇ ಇರ್ಲಿ. ಮಾಲು ಅಸಲಿಯಾ ಅಂತ ನೋಡೋಕೆ ಗ್ರೈಂಡರ್‌ಗೆ ಮುಟ್ಟಿಸಿ, ಕಣ್ಣು ಕೋರೈಸೋ ಬಿಳಿ ಕಿಡಿ ಬರ್ಬೇಕು. ಮ್ಯಾಗ್ನೆಟ್ ನೆಚ್ಚಬೇಡಿ.

ಉಳಿದ ಚೂರುಗಳಲ್ಲಿ ಒಂದು ಹುಚ್ಚಾಟ: 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿ ಆನೋಡೈಸ್ (ಕರೆಂಟ್ ಹಾಯಿಸಿ ಮೇಲ್ಮೈಗೆ ಬಣ್ಣ ಬರ್ಸೋದು) ಮಾಡಿದೆ, ಮೂರಕ್ಕೆ ನೀಲಿ, ಆರಕ್ಕೆ ಹಳದಿ. ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಬಾವುಟ ಮಾಡೋಣ ಅಂತ ಆಸೆ, ಆದ್ರೆ ಟೈಟೇನಿಯಂನಲ್ಲಿ ಕೆಂಪು ಬರೋದೇ ಇಲ್ಲ, ಎಷ್ಟೇ ವೋಲ್ಟ್ ಏರಿಸಿದ್ರೂ ಕೆಂಪಿಗೆ ಹತ್ರ ಅಂದ್ರೆ ಗುಲಾಬಿನೇ. ಮಗಳು ಅದನ್ನೇ ಕೀಚೈನ್ ಮಾಡ್ಕೊಂಡ್ಳು.

ವೈರ್ ಮೇಲ್ತುದಿ ಹಿಡಿಯೋ ಮಾಸ್ಟ್ ಮೇಲಿನ ಟ್ಯಾಂಗ್‌ಗೆ ಮಾತ್ರ ಟೈಟೇನಿಯಂ ಅಂತ ದುಡ್ಡು ಸುರಿಯಲ್ಲ. ಅಲ್ಲಿ ಏನೇ ಹಾಕಿದ್ರೂ ಕೊರೆದು ಹೋಗೋದು ಮಾಸ್ಟ್‌ನ ಅಲ್ಯೂಮಿನಿಯಂನೇ, ಮತ್ತೆ ಅಲ್ಲಿ ಗಾಳಿ ಆಡತ್ತೆ, ಕಣ್ಣಿಗೂ ಕಾಣತ್ತೆ, 316 ಸಾಕು. ಇನ್ನು ಮಾಡ್ಬೇಕಾಗಿರೋದು ಬ್ಯಾಕ್‌ಸ್ಟೇ (ಮಾಸ್ಟ್ ಹಿಂದಿನ ವೈರ್) ಪ್ಲೇಟ್, ಆ ರಿಗ್ಗರ್ರೇ ಮೊನ್ನೆ ಫೋನ್ ಮಾಡಿ ತುಂಡು ಏನಾದ್ರೂ ಉಳಿದಿದ್ಯಾ ಅಂತ ಕೇಳ್ದ.